ಮುಂದಾಳು ಹೇಳದ ಮಾತು

ಅಂಬರೀಶ ಸತ್ತ ಮೇಲೂ ಅವನ ಭಾಷಾಂತರ ನಿಲ್ಲಲಿಲ್ಲ.

ಪಕ್ಕದ ಮನೆಯ ಟಿವಿಯಲ್ಲಿ ಹಿಂದಿ ವಾರ್ತೆ ಓದುವವಳು ಒಂದು ವಾಕ್ಯ ಮುಗಿಸಿ ಉಸಿರೆಳೆದುಕೊಂಡರೆ, ಆ ಉಸಿರಿನಷ್ಟು ಜಾಗದಲ್ಲಿ ತನುಜಳಿಗೆ ಗಂಡನ ದನಿ ಕೇಳುತ್ತಿತ್ತು. ಅದೇ ವಾಕ್ಯ, ಕನ್ನಡದಲ್ಲಿ, ವೇದಿಕೆಯ ಮೇಲೆ ಹೇಳುತ್ತಿದ್ದ ಹಾಗೆ ಕೊನೆಯ ಪದವನ್ನು ಸ್ವಲ್ಪ ಎಳೆದು. ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ ಯಾರೋ ಫೋನಿನಲ್ಲಿ ತೆಲುಗಿನಲ್ಲಿ ಬೈಯುತ್ತಿದ್ದರೆ ಆ ಬೈಗುಳವೂ ಕನ್ನಡವಾಗಿ ಬರುತ್ತಿತ್ತು. ಮೊದಮೊದಲು ಅವಳು ತಿರುಗಿ ನೋಡುತ್ತಿದ್ದಳು. ಆಮೇಲೆ ಬಿಟ್ಟಳು. ಅಳು ಬಂದಿರಲಿಲ್ಲ, ಇದಾದರೂ ಬರುತ್ತಿದೆಯಲ್ಲ ಎಂದು ಸುಮ್ಮನಾದಳು.

ಅತ್ತೆ ಗಂಗುಲಮ್ಮ ಇದನ್ನು ಪತ್ತೆ ಹಚ್ಚಿದ್ದು ಸೊಪ್ಪು ಬಿಡಿಸುವಾಗ.

"ಯಾರಾದ್ರೂ ಮಾತು ನಿಲ್ಲಿಸಿದ್ರೆ ನೀನು ಕಿವಿ ಕೊಡ್ತೀಯಲ್ಲಮ್ಮ, ಯಾಕೆ?"

ತನುಜ ಮುಚ್ಚಿಡಲಿಲ್ಲ. "ಅವರು ಕೇಳಿಸ್ತಾರೆ ಅತ್ತೆ."

ಗಂಗುಲಮ್ಮ ಕೈಯಲ್ಲಿದ್ದ ದಂಟು ಕೆಳಗಿಟ್ಟಳು. "ನನ್ನ ವಿಷ್ಯ ಏನಾದ್ರೂ ಅಂತಾನಾ?"

"ಇಲ್ಲ. ಬೇರೆಯವರು ಹೇಳಿದ್ದನ್ನೇ ಹೇಳ್ತಾರೆ."

"ಬದುಕಿದ್ದಾಗ್ಲೂ ಅದನ್ನೇ ಮಾಡ್ದ," ಎಂದು ಗಂಗುಲಮ್ಮ ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ಜಂಗಮಕೋಟೆಯಿಂದ ಆಚೆ, ಹಿಪ್ಪುನೇರಳೆ ತೋಟಗಳು ಮುಗಿದು ಕೆರೆ ಶುರುವಾಗುವ ಕಡೆ ಅವರ ಕಾಲೊನಿ. ಅಂಬರೀಶ ಆ ಕಾಲೊನಿಯಿಂದ ಎಂ.ಎ. ಮಾಡಿದ ಮೊದಲನೆಯವನು. ಚಿಂತಾಮಣಿಯ ಖಾಸಗಿ ಕಾಲೇಜೊಂದರಲ್ಲಿ ಹಿಂದಿ ಹೇಳಿಕೊಡುತ್ತಿದ್ದ. ಚುನಾವಣೆ ಬಂತೆಂದರೆ ದಿಲ್ಲಿಯಿಂದ ಇಳಿಯುವ ನಾಯಕರ ಮಾತನ್ನು ಜನಕ್ಕೆ ದಾಟಿಸಲು ಅವನೇ ಬೇಕು. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಅವನು ಹತ್ತದ ವೇದಿಕೆಯಿರಲಿಲ್ಲ. ಇಂಥದೇ ಪಕ್ಷ ಎಂದೂ ಇರಲಿಲ್ಲ.

ತನುಜ ಅವನಿಗೆ ಸಿಕ್ಕಿದ್ದು ಬೆಂಗಳೂರಿನ ವಿಶ್ವವಿದ್ಯಾಲಯದಲ್ಲಿ. ಅವಳದು ಭಾಷಾವಿಜ್ಞಾನ. ಜನರ ಮುಂದೆ ನಿಂತು ಆಳುವವನನ್ನು ಲೋಕದ ಭಾಷೆಗಳು ಏನೆಂದು ಕರೆಯುತ್ತವೆ, ಆ ಪದ ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋದರೆ ದಾರಿಯಲ್ಲಿ ಏನಾಗುತ್ತದೆ ಎಂಬುದು ಅವಳು ಹಿಡಿದಿದ್ದ ವಿಷಯ. ಮದುವೆಯಾದ ಮೊದಲ ವರ್ಷ ಅವರಿಬ್ಬರ ಸರಸವೆಲ್ಲ ಅದರಲ್ಲೇ ನಡೆಯಿತು. ಪಾರಸಿ ಭಾಷೆಯವರಿಗೆ ಮುಂದಾಳೆಂದರೆ ದಾರಿ ತೋರಿಸುವವನು. ಆ ಪದವೇ ಉರ್ದುವಿನ ಬೆನ್ನೇರಿ ರಹನುಮಾ ಆಗಿ ಚಿಂತಾಮಣಿಯ ಟೀ ಅಂಗಡಿಯವರೆಗೂ ಬಂದಿದೆ. ಸ್ಪ್ಯಾನಿಷ್‌ನವರ ಪದ ತಲೆಯಿಂದ ಹುಟ್ಟಿದ್ದು. ತುರ್ಕಿಯವರದು 'ಮುಂದೆ' ಎಂಬುದರಿಂದ. ಜರ್ಮನರಲ್ಲಿ ನಡೆಸಿಕೊಂಡು ಹೋಗುವವನು ಎಂಬ ಸಾದಾ ಅರ್ಥದ ಪದವೊಂದಿತ್ತು. ಒಬ್ಬ ಅದನ್ನು ತನಗೇ ಅಂಟಿಸಿಕೊಂಡು ಹೋದ ಮೇಲೆ, ಇನ್ನೊಬ್ಬ ರಾಜಕಾರಣಿಗೆ ಅದನ್ನು ಹಚ್ಚಲು ಅವರಿಗೆ ನಾಲಗೆ ಏಳುವುದಿಲ್ಲ. ಹಿಂದಿಯ ನೇತಾ, ತೆಲುಗಿನ ನಾಯಕುಡು, ಕನ್ನಡದ ಮುಂದಾಳು.

"ಎಲ್ಲಾ ಭಾಷೆಲೂ ಮುಂದೇನೇ ಇರ್ತಾನೆ ನೋಡು," ಎಂದು ಅಂಬರೀಶ ನಗುತ್ತಿದ್ದ. "ನಿನಗೆ ಸಿಕ್ಕಿರೋ ಯಾವ ಪದದಲ್ಲಾದ್ರೂ ಅವನು ಒಂದು ಸಲ ಹಿಂದೆ ತಿರುಗಿ ನೋಡ್ತಾನಾ?"

"ಹುಡುಕ್ತೀನಿ ಇರು."

"ಸಿಗಲ್ಲ ಕಣೇ. ನಾನು ಅವರ ಬೆನ್ನ ಹಿಂದೇನೇ ನಿಂತಿರೋನು. ಕತ್ತಿನ ಮಡಿಕೆ ನೋಡ್ಕೊಂಡು ನಿಲ್ಲೋದೇ ನನ್ನ ಕೆಲಸ."

ಕಾಲೊನಿಯವರ ಬಾಯಲ್ಲಿ ಈ ಯಾವ ಪದವೂ ಇರಲಿಲ್ಲ. ಅವರಿಗಿದ್ದದ್ದು ಒಂದೇ, ಲೀಡರು. ನಾಲ್ಕು ಜನರ ಮುಂದೆ ನಿಂತು, ಅವರಿಗೆ ತಿಳಿಯುವ ಹಾಗೆ ಮಾತು ಕೊಟ್ಟವನು ಲೀಡರು. ದಿಲ್ಲಿಯವರು ಏನೋ ಗೊಣಗಿ ಹೆಲಿಕಾಪ್ಟರ್ ಹತ್ತುತ್ತಾರೆ. ಮಾತು ಕೊಡುವವನು ಅಂಬರೀಶ. ಹಾಗಾಗಿ ಅವನೇ ಲೀಡರು. "ನಾನಲ್ಲಪ್ಪ, ಅವರು" ಎಂದು ಅವನು ಎಷ್ಟು ಹೇಳಿದರೂ ಜನಕ್ಕೆ ಅದು ದೊಡ್ಡಸ್ತಿಕೆ ಬೇಡವೆನ್ನುವ ವಿನಯದಂತೆ ಕಾಣುತ್ತಿತ್ತು.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಶಿಡ್ಲಘಟ್ಟದಲ್ಲಿ ಸಭೆ. ತನುಜ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ದಿಲ್ಲಿಯ ನಾಯಕರು ಕೈ ಎತ್ತಿ ಹಿಂದಿಯಲ್ಲಿ, ನಿಮಗೆ ಏನೇನು ಬೇಕೋ ಅದೆಲ್ಲ ಸಿಗುತ್ತದೆ ಎಂದರು. ಅಷ್ಟೇ ಅಂದದ್ದು. ಅಂಬರೀಶ ಮೈಕಿಗೆ ಬಾಗಿದ. "ಜಂಗಮಕೋಟೆ ಆಚೆ ಕಾಲೊನಿಯವರಿಗೆ ಹೆಣ ಹೂಳೋದಕ್ಕೆ ಜಾಗ ಇಲ್ಲ ಅನ್ನೋದು ನನಗೆ ಗೊತ್ತಿದೆ. ಸ್ಮಶಾನಕ್ಕೆ ಭೂಮಿ ಕೊಡಿಸ್ತೀನಿ. ಇದು ನನ್ನ ಮಾತು."

ಶಿಳ್ಳೆ ಬಿತ್ತು. ನಾಯಕರು ತಮ್ಮ ಮಾತಿಗೆ ಬಿದ್ದ ಶಿಳ್ಳೆಯೆಂದು ಖುಷಿಯಾಗಿ ಇನ್ನೊಂದು ಸಲ ಕೈ ಎತ್ತಿದರು.

ಅಲ್ಲಿದ್ದವರಲ್ಲಿ ಎರಡು ಭಾಷೆಯನ್ನೂ ಕಿವಿಯಿಟ್ಟು ಕೇಳಿದವಳು ತನುಜ ಒಬ್ಬಳೇ. ಬೈಕಿನಲ್ಲಿ ಹಿಂತಿರುಗುವಾಗ ಕೇಳಿದಳು. "ಅವರು ಅದನ್ನ ಹೇಳಲೇ ಇಲ್ಲ ಅಲ್ವಾ?"

"ಹೇಳಬೇಕಾಗಿತ್ತು," ಎಂದ ಅಂಬರೀಶ. ಮತ್ತೆ ಆ ವಿಷಯ ಎತ್ತಲಿಲ್ಲ.

ಕಾಲೊನಿಯವರು ಹಿಂದೆ ಹೂಳುತ್ತಿದ್ದ ಗೋಮಾಳ ಯಾರದೋ ಹೆಸರಿಗೆ ಮಂಜೂರಾಗಿ ಬೇಲಿ ಬಿದ್ದು ವರ್ಷಗಳಾಗಿದ್ದವು. ಅಂದಿನಿಂದ ಸತ್ತವರನ್ನು ಒಣಗಿದ ಕೆರೆಯಂಗಳದ ಅಂಚಿನಲ್ಲಿ ಮಣ್ಣು ಮಾಡುತ್ತಿದ್ದರು. ಸಭೆಯಾದ ಮೇಲೆ ಯಾರಾದರೂ ಒಬ್ಬರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಲೀಡರೇ, ಜಾಗ ಏನಾಯ್ತು? ಅಂಬರೀಶ ಕಚೇರಿಗಳಿಗೆ ಅಲೆದ. ಯಾರ ಮಾತಿನ ಮೇಲೆ ಬಂದಿದ್ದೀರಿ ಎಂದು ಅಲ್ಲಿ ಕೇಳಿದರೆ ಅವನಿಗೆ ಹೇಳಲು ಹೆಸರಿರಲಿಲ್ಲ. ಮರುವರ್ಷ ಶಿವರಾತ್ರಿಯ ಹೊತ್ತಿಗೆ ಕಾಮಾಲೆ ಬಂತು. ನಾಟಿ ಔಷಧಿ, ಆಮೇಲೆ ಆಸ್ಪತ್ರೆ. ಬೇವಿನ ಮರದ ನೆರಳು ಬೀಳುವ ಕಡೆ, ಕೆರೆಯಂಗಳದಲ್ಲಿ ಅವನನ್ನೂ ಮಲಗಿಸಿದರು. ಮೂರನೇ ದಿನ ಗಂಗುಲಮ್ಮ ಹಾಲು ತುಪ್ಪ ಬಿಟ್ಟು ಬಂದಳು.

ಆ ವರ್ಷವೇ ಮಳೆ ಹಿಡಿಯಿತು. ಜನ ಎಷ್ಟೋ ಕಾಲದಿಂದ ಕಾಣದಂಥ ಮಳೆ. ಕೆರೆ ಕೋಡಿ ಬಿತ್ತು. ಊರವರು ಬಾಗಿನ ಬಿಟ್ಟರು, ಹೋಳಿಗೆ ಮಾಡಿದರು, ಮಕ್ಕಳು ಕಟ್ಟೆಯಿಂದ ಧುಮುಕಿದರು. ಕಾಲೊನಿಯಲ್ಲಿ ಮಾತ್ರ ಯಾರೂ ಕೆರೆಯ ಕಡೆ ಮುಖ ಮಾಡಿ ಕೂರಲಿಲ್ಲ. ಪಿತೃಪಕ್ಷದಲ್ಲಿ ಗಂಗುಲಮ್ಮ ಎಲೆಯ ಮೇಲೆ ಎಡೆ ಇಟ್ಟುಕೊಂಡು ದಡಕ್ಕೆ ಹೋದಳು. ಎಲ್ಲಿಡುವುದು ಎಂದು ನಿಂತಳು. ನೀರಿನ ಅಂಚಿಗಿಟ್ಟು ಬಂದಳು.

ತನುಜಳಿಗೆ ದನಿ ಕೇಳತೊಡಗಿದ್ದು ಕೆರೆ ತುಂಬಿದ ಮೇಲೆಯೇ.

ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರವೇ ಜಿಲ್ಲೆಯಾದ ಮರುವರ್ಷ ಮತ್ತೆ ಚುನಾವಣೆ. ಪಕ್ಷದ ಕೆಲಸಕ್ಕೆ ಓಡಾಡುವ ಮಧುಕುಮಾರ್ ಕಾರಿನಿಂದ ಇಳಿದು ಚಪ್ಪಲಿ ಬಿಟ್ಟು ಒಳಗೆ ಬಂದ. ಗೋಡೆಯಲ್ಲಿ ಬುದ್ಧನ ಪಟದ ಪಕ್ಕ ಅಂಬರೀಶನ ಫೋಟೋ. ಅದಕ್ಕೊಂದು ಕೈ ಮುಗಿದ.

"ಅದೇ ದಿಲ್ಲಿ ಸಾಹೇಬ್ರು ಬರ್ತಾವ್ರೆ ಮೇಡಂ. ಶಿಡ್ಲಘಟ್ಟಕ್ಕೇ. ಟ್ರಾನ್ಸ್‌ಲೇಷನ್‌ಗೆ ನೀವೇ ಬರಬೇಕು. ಬೆಂಗಳೂರಿಂದ ಒಬ್ಬನ್ನ ಕರ್ಕೊಂಡು ಬಂದಿದ್ವಿ, ಗೌರಿಬಿದನೂರಲ್ಲಿ ಜನ ಕಲ್ಲು ಹೊಡೆಯೋದೊಂದು ಬಾಕಿ. ಅವನ ಕನ್ನಡಕ್ಕೇ ಒಬ್ಬ ಟ್ರಾನ್ಸ್‌ಲೇಟರ್ ಬೇಕಿತ್ತು."

ಹಿಂದೆಯೇ ಮೂಲೆಮನೆಯ ಆವಲಪ್ಪ ಕೆಮ್ಮುತ್ತ ಬಂದು ಹೊಸ್ತಿಲಲ್ಲಿ ಕೂತ. ಹೋದ ಮಳೆಗಾಲದಿಂದ ಅವನ ಎದೆ ಸರಿಯಿರಲಿಲ್ಲ.

"ಹೋಗಮ್ಮ," ಎಂದ. "ಹೋಗಿ ನಮ್ಮ ಜಾಗದ ಮಾತು ಕೇಳು. ನಂದೇನೂ ಅವಸರ ಇಲ್ಲ. ಆದ್ರೆ ನಂಗೆ ಈಜು ಬರಲ್ಲ ಕಣಮ್ಮ, ಕೆರೆಗೆ ಹಾಕ್ಬೇಡಿ."

ಮಧುಕುಮಾರ್ ನಕ್ಕ. ಬೇರೆ ಯಾರೂ ನಗಲಿಲ್ಲವೆಂದು ತಿಳಿದು ಕಾರಿನ ಕೀಲಿ ತಿರುಗಿಸುತ್ತ ನಿಂತ.

ತನುಜ ಅತ್ತೆಯ ಮುಖ ನೋಡಿದಳು. ಗಂಗುಲಮ್ಮ ಫೋಟೋದ ಕಡೆ ನೋಡುತ್ತಿದ್ದಳು. "ಅವನು ಕೊಟ್ಟ ಮಾತು," ಎಂದಳು, "ಹಂಗೇ ನೀರಲ್ಲಿ ನಿಂತೈತೆ."

ಅದು ಯಾರೂ ಕೊಡದ ಮಾತೆಂದು ಹೇಳಿಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಷ್ಟು ಹೇಳಿದರೆ ಸತ್ತವನು ಸುಳ್ಳನಾಗುತ್ತಾನೆ, ಆವಲಪ್ಪ ಕೆರೆಗೆ ಹೋಗುತ್ತಾನೆ. ತನುಜ ಬರುತ್ತೇನೆ ಎಂದಳು. ತಾನೂ ಅವನ ಹಾಗೆ ನಾಯಕರ ಬಾಯಿಗೆ ಆ ಮಾತನ್ನು ತುರುಕುತ್ತೇನೋ, ಸುಮ್ಮನೆ ಅವರಂದದ್ದನ್ನೇ ಅಂದು ಇಳಿಯುತ್ತೇನೋ, ಅವಳಿಗೆ ಗೊತ್ತಿರಲಿಲ್ಲ. ಒಂದು ಮಾತ್ರ ಅನಿಸಿತ್ತು. ಅವನು ನಿಲ್ಲುತ್ತಿದ್ದ ಜಾಗದಲ್ಲೇ ನಿಂತರೆ ದನಿ ಅಲ್ಲಿ ಇನ್ನೂ ಹತ್ತಿರದಲ್ಲಿ ಕೇಳಬಹುದು. ಏನು ಹೇಳಬೇಕೆಂದು ಅವನೇ ಹೇಳಬಹುದು.

ಸಭೆಯ ದಿನ ಶಾಮಿಯಾನದ ಕೆಳಗೆ ಬಿಸಿಲು ಸೋಸಿ ಬೀಳುತ್ತಿತ್ತು. ಕಾಲೊನಿಯವರು ಲಾರಿಯಲ್ಲಿ ಬಂದು ಮುಂದಿನ ಸಾಲು ಹಿಡಿದಿದ್ದರು. ನಾಯಕರು ಮೊದಲಿಗಿಂತ ದಪ್ಪಗಾಗಿದ್ದರು. ಅವರ ಹಿಂದೆ, ಎಡಕ್ಕೆ, ಎರಡನೇ ಮೈಕು. ತನುಜ ಹೋಗಿ ನಿಂತಳು. ಅವರ ಕತ್ತಿನ ಮಡಿಕೆಗಳು ಕಣ್ಣೆದುರಿಗೇ ಇದ್ದವು.

"ನಾನು ನೇತಾ ಅಲ್ಲ, ನಿಮ್ಮ ಸೇವಕ," ಎಂದು ಅವರು ಹಿಂದಿಯಲ್ಲಿ ಶುರುಮಾಡಿ ನಿಲ್ಲಿಸಿದರು.

ತನುಜ ಕಾದಳು. ಬಿಡುವು ಬಂತು. ದನಿ ಬರಲಿಲ್ಲ.

ಮೂರು ವರ್ಷದಲ್ಲಿ ಮೊದಲ ಸಲ ಬಿಡುವು ಬರೀ ಬಿಡುವಾಗಿತ್ತು. ಕೂಡಿಹಾಕಿದ್ದ ಪದಗಳೆಲ್ಲ ತಲೆಯೊಳಗೆ ಒಂದರ ಮೇಲೊಂದು ಬಿದ್ದವು. ತಲೆಯವನು, ದಾರಿ ತೋರುವವನು, ಮುಂದಿರುವವನು. ಎದುರಿಗೆ ಆವಲಪ್ಪ ಕೂತಿದ್ದ. ಅವನಿಗೆ ತಿಳಿಯುವ ಪದವನ್ನೇ ಆಡಿದಳು.

"ನಾನು ನಿಮ್ಮ ಲೀಡರಲ್ಲ. ನಿಮ್ಮ ಮನೆ ಆಳು."

"ಗೊತ್ತು ಬಿಡಮ್ಮ," ಎಂದ ಆವಲಪ್ಪ, ಕೂತಲ್ಲಿಂದಲೇ. ಮೈಕಿಲ್ಲದಿದ್ದರೂ ನಾಲ್ಕು ಸಾಲಿಗೆ ಕೇಳಿಸಿತು. "ನಮ್ಮ ಲೀಡರು ಕೆರೆ ಒಳಗವ್ನೆ."

ಹೆಂಗಸರ ಕಡೆ ಯಾರೋ ಲೊಚಗುಟ್ಟಿದರು. ನಾಯಕರು ಅದೇನೂ ತಿಳಿಯದೆ ಮುಂದುವರಿದರು. "ನಾನು ಆಡಿದ ಮಾತನ್ನು ಎಂದೂ ಬಿಟ್ಟವನಲ್ಲ. ಈ ಮಣ್ಣಿನಲ್ಲಿ ನಿಂತು ಕೊಟ್ಟ ಒಂದೊಂದು ಮಾತನ್ನೂ ನಡೆಸಿದ್ದೇನೆ."

ಮತ್ತೆ ಬಿಡುವು. ಕೂದಲೆಳೆಯಷ್ಟು ಸದ್ದಾದರೂ ಬರಲೆಂದು ತನುಜ ಉಸಿರು ಹಿಡಿದಳು. ಸ್ಪೀಕರಿನ ಗುಂಯ್‌ಗುಟ್ಟುವಿಕೆ ಮಾತ್ರ ಇತ್ತು. ಈ ವಾಕ್ಯವನ್ನು ಇವರೆದುರಿಗೆ ಹೇಳಲು ಅವಳ ಬಾಯಿ ತೆರೆಯಲಿಲ್ಲ. ಬಿಡುವು ಉದ್ದವಾಯಿತು. ಜನ ಗುಸುಗುಸು ನಿಲ್ಲಿಸಿದರು. ಮಧುಕುಮಾರ್ ಮೆಟ್ಟಿಲ ಬಳಿಯಿಂದ ಕೈಸನ್ನೆ ಮಾಡಿದ.

ಆಗ ನಾಯಕರು ತಿರುಗಿ ನೋಡಿದರು. ಇಡೀ ಮೈ ತಿರುಗಿಸಿ, ಹಿಂದಕ್ಕೆ.

ಏನಾಯಿತು ಎಂದು ಹಿಂದಿಯಲ್ಲಿ ಕೇಳಿದರು. ಬಿಸಿಲಿಗೆ ಬೆವೆತ, ವಯಸ್ಸಾದ, ಸಾಮಾನ್ಯ ಮುಖ.

ಅಷ್ಟರಲ್ಲಿ ಆವಲಪ್ಪ ಎದ್ದಿದ್ದ. ಪಕ್ಕದವನ ಹೆಗಲು ಹಿಡಿದು, ಕೆಮ್ಮು ತಡೆದುಕೊಂಡು, "ಸ್ಮಶಾನದ ಜಾಗ ಎಲ್ಲಿ ಸ್ವಾಮಿ?" ಎಂದ.

"ಆ ಮುದುಕ ಏನನ್ನುತ್ತಿದ್ದಾನೆ?"

ಆ ಮೈಕಿನಿಂದ ಮಾತು ಯಾವತ್ತೂ ಕೆಳಗಿಳಿಯುತ್ತಿತ್ತೇ ಹೊರತು ಮೇಲೆ ಹತ್ತಿದ್ದಿರಲಿಲ್ಲ. ಅಂಬರೀಶನಿಗೂ ಯಾರೂ ಹಾಗೆ ಕೇಳಿರಲಿಲ್ಲ. ತನುಜ ಮೈಕಿನಲ್ಲೇ, ನಿಧಾನವಾದ ಹಿಂದಿಯಲ್ಲಿ ಹೇಳಿದಳು. ನಾಲ್ಕು ವರ್ಷದ ಕೆಳಗೆ ಇದೇ ಊರಿನ ವೇದಿಕೆಯಿಂದ ತಾವು ಇವರಿಗೆ ಸ್ಮಶಾನಕ್ಕೆ ಭೂಮಿ ಕೊಡಿಸುವ ಮಾತು ಕೊಟ್ಟಿರಿ ಎನ್ನುತ್ತಾರೆ. ಇವರು ಕೆರೆಯಲ್ಲಿ ಹೂಳುತ್ತಾರೆ. ಕೆರೆ ತುಂಬಿದೆ. ತಮ್ಮ ಆ ದಿನದ ಭಾಷಾಂತರಕಾರ ಅದರೊಳಗಿದ್ದಾನೆ.

ನಾಯಕರು ಅವಳನ್ನು ನೋಡಿದರು. ನೆನಪಿಲ್ಲದವರ ಕಣ್ಣು. ಆಮೇಲೆ ಮುಂದೆ ಕೂತ ಜನವನ್ನು ನೋಡಿದರು, ಎತ್ತಿ ಹಿಡಿದ ಕ್ಯಾಮೆರಾಗಳನ್ನು ನೋಡಿದರು. ಎದೆಯ ಮೇಲೆ ಕೈ ಇಟ್ಟುಕೊಂಡರು.

"ಯಾದ್ ಹೈ," ಎಂದರು. "ಕೊಟ್ಟ ಮಾತು ಕೊಟ್ಟದ್ದೇ. ಕೊಡಿಸುತ್ತೇನೆ."

ಅವರದು ಸುಳ್ಳು ಎಂದು ತನುಜಳಿಗೆ ಗೊತ್ತಿತ್ತು. ಯಾರ ಸುಳ್ಳಿನ ಮೇಲೆ ನಿಂತ ಸುಳ್ಳು ಎಂಬುದೂ ಗೊತ್ತಿತ್ತು.

"ನೆನಪಿದೆ," ಎಂದು ಅವಳು ಕನ್ನಡದಲ್ಲಿ ಹೇಳಿದಳು. "ಕೊಡಿಸ್ತೀನಿ."

ಶಿಳ್ಳೆ ಬೀಳಲಿಲ್ಲ. ಆವಲಪ್ಪ ಮೆಲ್ಲಗೆ ಕೂತ.

ಜಾಗ ಬಂತು. ಕ್ಯಾಮೆರಾ ಇತ್ತಲ್ಲ, ಬರಲೇಬೇಕಾಯಿತು. ಸರ್ವೆಯವರು ಚೈನು ಎಳೆದು, ನೀಲಗಿರಿ ತೋಪಿನ ಆಚೆಯ ಕಲ್ಲುದಿಬ್ಬದಲ್ಲಿ ನಾಲ್ಕು ಮೂಲೆಗೆ ಕಲ್ಲು ನೆಟ್ಟರು. ಗುದ್ದಲಿ ಇಳಿಯಲು ಒದ್ದಾಡುವ ನೆಲ, ಆದರೆ ನೀರು ಏರದ ನೆಲ. ಮೊದಲು ಹೋದವನು ಆವಲಪ್ಪನೇ. ಸಾಯುವ ಮುಂಚೆ ಹೋಗಿ ನೋಡಿಕೊಂಡು ಬಂದು, "ಗಾಳಿ ಚೆನ್ನಾಗೈತೆ" ಎಂದಿದ್ದ.

ಸಭೆಯ ದಿನದಿಂದ ತನುಜಳಿಗೆ ದನಿ ಕೇಳಿಸಲಿಲ್ಲ. ಪಕ್ಕದ ಮನೆಯ ಟಿವಿಯವಳು ಉಸಿರೆಳೆದರೆ ಅದು ಅವಳ ಉಸಿರಷ್ಟೇ. ಬಸ್ಸಿನಲ್ಲಿ ತೆಲುಗು ತೆಲುಗಾಗಿಯೇ ಉಳಿಯಿತು. ಅತ್ತೆಗೆ ಇದನ್ನು ಹೇಳಲಿಲ್ಲ.

ಮುಂದಿನ ಬೇಸಿಗೆಗೆ ಕೆರೆ ತಳ ಕಂಡಿತು. ಗಂಗುಲಮ್ಮ ತೊಳೆದ ಪಂಚೆಯ ತುಂಡೊಂದನ್ನು ಮಡಿಸಿಕೊಂಡು ಹೊರಟಳು. ಮಗನ ಮೇಲಿನ ಒಂದು ಹಿಡಿ ಮಣ್ಣನ್ನಾದರೂ ದಿಬ್ಬಕ್ಕೆ ತಂದು ಹಾಕಬೇಕು. ತನುಜ ಹಿಂದೆ ಹೋದಳು.

ಕೆರೆಯಂಗಳದಲ್ಲಿ ಹೂಳು ಒಣಗಿ ಬಿರುಕು ಬಿಟ್ಟಿತ್ತು. ಎಲ್ಲೆಲ್ಲೂ ಜಾಲಿ ಎದ್ದಿತ್ತು. ಬೇವಿನ ಮರ ನೀರು ನಿಂತು ಕೊಳೆತು ಬಿದ್ದುಹೋಗಿತ್ತು. ಇಲ್ಲಿ ಎಂದು ಗಂಗುಲಮ್ಮ ಒಂದು ಕಡೆ ನಿಂತಳು. ಅಲ್ಲ, ಅಲ್ಲಿ ಎಂದು ಇನ್ನೊಂದು ಕಡೆ ಹೋದಳು. ಸೆರಗು ಜಾಲಿಮುಳ್ಳಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳದೆ ಹಾಗೇ ನಿಂತು, ಊಟಕ್ಕೆ ಕರೆಯುವಂತೆ ಕರೆದಳು.

"ಅಂಬರೀಶಪ್ಪಾ. ಮೇಲೆ ಜಾಗ ಆಗೈತೆ ಕಣಪ್ಪ. ಎಲ್ಲಿದ್ದೀಯಾ? ಬತ್ತೀಯಾ?"

ಮಾತು ಮುಗಿಯಿತು. ಬಿಡುವು ಬಂತು. ತನುಜ ರೂಢಿಯಂತೆ ಕಿವಿ ಕೊಟ್ಟಳು. ದೂರದಲ್ಲಿ ಯಾರೋ ಬೋರ್‌ವೆಲ್ ಮೋಟರು ಹಾಕಿದ ಸದ್ದು. ಅದರಾಚೆ ಏನೂ ಇಲ್ಲ.

ಗಂಗುಲಮ್ಮ ಸೊಸೆಯ ಕಡೆ ತಿರುಗಿದ್ದಳು. ಕೈಯಲ್ಲಿ ಮಡಿಸಿದ ಬಟ್ಟೆ ಹಾಗೇ ಇತ್ತು.

"ಏನಂದ?" ಎಂದು ಕೇಳಿದಳು.

ತನುಜ ಬಿರುಕುಬಿಟ್ಟ ನೆಲವನ್ನು ನೋಡಿದಳು. ಆಮೇಲೆ, ಕೊನೆಯ ಪದವನ್ನು ಸ್ವಲ್ಪ ಎಳೆದು, ಹೇಳಿದಳು.

"ಯಾವ ಮಣ್ಣಾದ್ರೂ ತಗೊಳ್ಳಮ್ಮ, ನಾನು ಬರ್ತೀನಿ ಅಂದ್ರು."

ಗಂಗುಲಮ್ಮ ಬಗ್ಗಿ, ನಿಂತಲ್ಲೇ, ಮಣ್ಣು ಕೆದಕತೊಡಗಿದಳು.