ಮೆತ್ತನೆಯ ಹಾಸಿಗೆ

"ನಿಧಾನ, ಮೊದಲು ತಲೆ ಕಡೆ ಹಿಡ್ಕೊಳ್ಳಿ," ಎಂದ ಸತ್ತವನ ತಮ್ಮ. ನಾಲ್ವರು ಬಗ್ಗಿದರು. ಎಡಕ್ಕಿದ್ದ ಪಕ್ಕದ ಮನೆಯವನ ಮೊಣಕಾಲು ಹಾಸಿಗೆಯಲ್ಲಿ ಹೂತು, ಅವನು ಹೆಣದ ಪಕ್ಕಕ್ಕೇ ಮುಗ್ಗರಿಸಿದ.

"ಏನಯ್ಯಾ ಇದು, ಕೆಸರಲ್ಲಿ ಕಾಲಿಟ್ಟ ಹಾಗಾಯ್ತು," ಎಂದು ಗೊಣಗಿದ. ಬಾಗಿಲ ಬಳಿ ಯಾರೋ ನಗು ನುಂಗಿಕೊಂಡರು.

ತಮ್ಮನಿಗೆ ನಗು ಬರಲಿಲ್ಲ. ಆ ಹಾಸಿಗೆ ತುಂಬಿದವನು ಅವನೇ. ಅಣ್ಣತಮ್ಮ ಇಬ್ಬರದೂ ಹಾಸಿಗೆ ಹೊಲಿಯುವ ಕಸುಬು. ಅಣ್ಣನ ಹಾಸಿಗೆಯೆಂದರೆ ಹಲಗೆಯಷ್ಟು ಗಟ್ಟಿ. ಗಿರಾಕಿಗಳು ಗೊಣಗಿದರೆ, "ಮೆತ್ತಗೆ ಬೇಕಾದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ" ಎಂದು ಮುಖಕ್ಕೇ ಹೇಳುವ ಆಸಾಮಿ.

*

ಹೊಟ್ಟೆಯ ಕ್ಯಾನ್ಸರ್ ಗಡ್ಡೆ ತೆಗೆಸುವ ಮೊದಲೇ ಅಣ್ಣ ಇಳಿದುಹೋಗಿದ್ದ. ಆಪರೇಷನ್ ಆಯಿತು, ಗಡ್ಡೆ ಹೋಯಿತು, ಸುಸ್ತು ಮಾತ್ರ ಹೋಗಲಿಲ್ಲ. ನಾಲ್ಕು ತುತ್ತಿಗೇ ಸಾಕೆನ್ನುತ್ತಿದ್ದ. ಹೊಲಿಗೆ ಬಿಚ್ಚೀತೆಂದು ಕೆಮ್ಮಲೂ ಹೆದರುತ್ತಿದ್ದ. ಹೆಂಡತಿ ನೀರಿನ ಲೋಟವನ್ನೂ ಬಾಯಿಗೇ ಹಿಡಿಯುತ್ತಿದ್ದಳು.

"ಎಲ್ಲಾ ನೀವೇ ಮಾಡ್ಬೇಡಿ ಅಮ್ಮಾ. ಎದ್ದು ಓಡಾಡ್ಲಿ. ಮಲಗಿದಷ್ಟೂ ಕಾಲಿನ ಶಕ್ತಿ ಕಮ್ಮಿಯಾಗುತ್ತೆ," ಎಂದು ಮನೆಗೆ ಬರುತ್ತಿದ್ದ ನರ್ಸ್ ಹೇಳಿದಳು.

"ನಾಳೆಯಿಂದ," ಎಂದ ಅವನು.

ಅಷ್ಟರಲ್ಲಿ ತಮ್ಮ ಹಾಸಿಗೆ ಹೊತ್ತು ತಂದ. ಸೊರಗಿದ ಮೈಗೆ ಮೂಳೆ ಒತ್ತಬಾರದೆಂದು ಒಳ್ಳೆಯ ಹತ್ತಿಯನ್ನು ಸಡಿಲವಾಗಿ, ಎತ್ತರಕ್ಕೆ ತುಂಬಿದ್ದ. ಕಸುಬಿನಲ್ಲಿ ಅವನು ಅಣ್ಣನ ಮಾತು ಮೀರಿದ್ದು ಅದೊಂದೇ ಸಲ. ಅಣ್ಣನಿಗೆ ಗಡದ್ದಾಗಿ ನಿದ್ದೆ ಬಂತು. ಬೆಳಿಗ್ಗೆ ಏಳಹೋದರೆ ಕೈ ಊರಿದಲ್ಲೆಲ್ಲ ಕುಸಿಯಿತು.

"ಅವನಿಗೆ ಹೇಳ್ಬೇಡ ಕಣೇ," ಎಂದ ಹೆಂಡತಿಗೆ. "ಆಸೆಯಿಂದ ಮಾಡಿದಾನೆ. ನೊಂದ್ಕೋತಾನೆ."

ದಿನಾ ಏಳಲು ಪ್ರಯತ್ನಪಟ್ಟ. ಆಮೇಲೆ ಆಗೊಮ್ಮೆ ಈಗೊಮ್ಮೆ. ಆಮೇಲೆ ಬಿಟ್ಟೇಬಿಟ್ಟ. ಕೊನೆಗೆ ಎದೆಯಲ್ಲಿ ಕಫ ಕಟ್ಟಿತು, ಅದನ್ನು ಕೆಮ್ಮಿ ಹೊರಹಾಕುವ ತ್ರಾಣವೂ ಉಳಿದಿರಲಿಲ್ಲ.

*

ಸಂಜೆ ಎಲ್ಲ ಮುಗಿದು ಜನ ಕರಗಿದ ಮೇಲೆ ತಮ್ಮ ಕೇಳಿಯೇಬಿಟ್ಟ.

"ಅತ್ತಿಗೆ, ಹಾಸಿಗೆ ಬಗ್ಗೆ ಅಣ್ಣ ಏನಾದ್ರೂ ಅಂದಿದ್ನಾ?"

ಬೆಳಿಗ್ಗೆಯಿಂದ ಅವನನ್ನು ಕೊರೆಯುತ್ತಿದ್ದುದು ಇದೇ ಎಂದು ಅವಳಿಗೆ ಗೊತ್ತಿತ್ತು. ಹಾಸಿಗೆಯದು ತಪ್ಪಾದರೆ ತಾನು ಹಿಡಿದ ಲೋಟದ್ದೂ ತಪ್ಪೇ. ಅದನ್ನು ನೆನೆದು ಅವಳಿಗೆ ಅಳು ಒತ್ತಿಬಂತು, ತಡೆದುಕೊಂಡಳು.

"ಚೆನ್ನಾಗಿ ನಿದ್ದೆ ಬರುತ್ತೆ ಅಂತಿದ್ರು."

ಅವನಿಗೆ ನಿರಾಳವಾಯಿತು. "ಹಾಗಾದ್ರೆ ನಿಮಗೂ ಇಂಥದ್ದೇ ಒಂದು ತುಂಬ್ಕೊಡ್ತೀನಿ. ಸೊಂಟನೋವು ಅಂತಿರ್ತೀರಲ್ಲ."

"ಬೇಡಪ್ಪ. ನನಗೆ ಗಟ್ಟಿದೇ ಇರಲಿ."

"ಯಾಕೆ ಅತ್ತಿಗೆ?"

ಅವಳು ದೀಪ ಹಚ್ಚುವ ನೆಪದಲ್ಲಿ ಒಳಗೆ ಹೋದಳು.

ಅವನು ಹಾಸಿಗೆ ಸುತ್ತಿಡಲು ಕೋಣೆಗೆ ಬಂದು ಹೊದಿಕೆ ತೆಗೆದ. ಮೈ ಮಲಗಿದ್ದ ಗುರುತಿನ ಎರಡೂ ಬದಿಗೆ, ಅಂಗೈಯಗಲದಷ್ಟು, ಹತ್ತಿ ಜಜ್ಜಿಹೋಗಿ ತಳದ ಬಟ್ಟೆಗೆ ಅಂಟಿತ್ತು. ಅವನು ಮೆಲ್ಲನೆ ಅದರ ಮೇಲೆ ಮಲಗಿದ. ಆ ಎರಡು ತಗ್ಗುಗಳಲ್ಲಿ ಅಂಗೈ ಊರಿ ಏಳಲು ನೋಡಿದ.