ಹೊಳೆಗೆ ಸುರಿದ ಮಂಡಕ್ಕಿ

ಹರಿಹರದ ಸೇತುವೆ ಮೇಲಿಂದ ಎಣ್ಣೆ ಟ್ಯಾಂಕರೊಂದು ತುಂಗಭದ್ರೆಗೆ ಬಿದ್ದು, ನಡುಹೊಳೆಯಲ್ಲಿ ಮುಳುಗಿ ಕೂತಿತ್ತು. ಡ್ರೈವರ್ ಬುದ್ಧಿವಂತ, ಈಜಿ ದಡ ಸೇರಿದ. ಟ್ಯಾಂಕರು ಮಾತ್ರ ಕೂತಲ್ಲೇ ಕರೀ ಎಣ್ಣೆ ಬಿಡುತ್ತಿತ್ತು. ಅದಕ್ಕೆ ಭಾನುವಾರದ ರಜೆಯೂ ಇರಲಿಲ್ಲ, ಊಟದ ವಿರಾಮವೂ ಇರಲಿಲ್ಲ.

ಹೊಳೆಯ ಮೆಟ್ಟಿಲ ಮೇಲೆ ಮಂಡಕ್ಕಿ ಪೊಟ್ಟಣ ಮಾರುವ ಶಕುಂತಲಮ್ಮನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅವತ್ತೇ. ಗುಡಿಗೆ ಬಂದವರು ಅವಳ ಹತ್ತಿರ ಪೊಟ್ಟಣ ಕೊಂಡು ಮೀನಿಗೆ ಹಾಕುತ್ತಿದ್ದರು. ಮೊದಲ ಹಿಡಿ ಅವಳದೇ. ನೀರಿಗೆ ಎರಚಿ "ಬರ್ರವ್ವಾ" ಅಂದರೆ ಸಾಕು, ಮೀನುಗಳು ಮೆಟ್ಟಿಲ ತನಕ ಬಂದು ಬಾಯಿ ತೆರೆಯುತ್ತಿದ್ದವು. ಗಂಡ ಹೋದ ಮೇಲೆ ಅವಳ ಅನ್ನವೂ ಅವೇ, ಮಾತಾಡಿಸುವ ಜನವೂ ಅವೇ. ಎಣ್ಣೆ ಬಂದದ್ದೇ ಅವು ಬಂಡೆ ಕೆಳಗಿನ ಮಡುವಿಗೆ ಇಳಿದವು, ಮತ್ತೆ ಮೇಲೆ ಬರಲಿಲ್ಲ. ಬದುಕಿದ್ದಾವೋ ಇಲ್ಲವೋ ಎಂಬುದೊಂದೇ ಅವಳ ಚಿಂತೆ.

ಎಂಜಿನಿಯರ್ ಬಸವಪ್ರಭು ಸುಮ್ಮನೆ ಕೂರುವ ಆಸಾಮಿಯಲ್ಲ. ಮೊದಲು ಮರಳಿನ ಚೀಲ ತರಿಸಿದರು. ಪೂಜೆಗೆ ದೊಡ್ಡವರು ಬರಬೇಕಿತ್ತು, ಅವರು ಬರುವಷ್ಟರಲ್ಲಿ ರಾಹುಕಾಲ ಬಂತು. ಮರುದಿನ ಎಸೆದ ಚೀಲಗಳು ಟ್ಯಾಂಕರಿನ ಪಕ್ಕದಲ್ಲಿ ನೆಮ್ಮದಿಯಾಗಿ ಮಲಗಿದವು. ಆಮೇಲೆ ಕ್ರೇನ್ ಬಂತು. ಅದಕ್ಕೆ ಹಾರ ಹಾಕಿ, ಗಾಲಿಗೆ ನಿಂಬೆಹಣ್ಣು ಇಟ್ಟರು. ಅದರ ಹಗ್ಗ ನೀರನ್ನು ಮುಟ್ಟಿತು, ಟ್ಯಾಂಕರನ್ನು ಮುಟ್ಟಲಿಲ್ಲ. ಕೊನೆಗೆ ತೂತು ಮುಚ್ಚಲು ದೋಣಿ ತುಂಬ ಸಿಮೆಂಟ್ ಕಲಸಿದರು. ಭಾಷಣ ಮುಗಿಯುವಷ್ಟರಲ್ಲಿ ಸಿಮೆಂಟು ದೋಣಿಯಲ್ಲೇ ಗಟ್ಟಿಯಾಗಿ, ದೋಣಿಯೇ ಮುಳುಗಿತು.

ಅಷ್ಟರ ತನಕ ಇದು ಹರಿಹರದವರ ಗೋಳು. ಇದೇ ಹೊಳೆಯ ನೀರು ಕುಡಿಯುವ ದಾವಣಗೆರೆಯ ನಲ್ಲಿಯಲ್ಲಿ ಎಣ್ಣೆ ವಾಸನೆ ಬಂದ ಬೆಳಿಗ್ಗೆಯಿಂದ ಅದು ನಾಡಿನ ಸಮಸ್ಯೆಯಾಯಿತು. ನಿಜಲಿಂಗಪ್ಪ ಬಡಾವಣೆಯ ಅಕ್ಕಿ ವ್ಯಾಪಾರಿ ಉಜ್ಜನಪ್ಪ ಹೋರಾಟ ಸಮಿತಿ ಕಟ್ಟಿ, ತಾನೇ ಅಧ್ಯಕ್ಷನಾಗಿ, ಕಾರುಗಳ ಸಾಲು ಕಟ್ಟಿಕೊಂಡು ಹೊಳೆ ದಂಡೆಗೆ ಬಂದ. ಶಾಮಿಯಾನದ ಕೆಳಗೆ ಸಭೆ ಸೇರಿತು.

"ಪ್ರಯತ್ನ ನಡದೈತ್ರಿ," ಅಂದರು ಬಸವಪ್ರಭು.

ಶಕುಂತಲಮ್ಮನಿಗೆ ತಡೆಯಲಾಗಲಿಲ್ಲ. ಎದ್ದು ನಿಂತಳು. "ನಿಮ್ಮ ಪ್ರಯತ್ನಕ್ಕೆ ಬೆಂಕಿ ಬೀಳ್ಲಿ. ನಮ್ಮನ್ಯಾಗ ಎಣ್ಣಿ ಚೆಲ್ಲಿದ್ರೆ ಒಂದು ಹಿಡಿ ಮಂಡಕ್ಕಿ ಹಾಕ್ತೀವಿ, ಹೀರ್ಕಂತೈತೆ. ಅಷ್ಟೂ ತಿಳೀವಲ್ದೇನು ನಿಮಗ?"

ಅವಳು ಹೇಳಿದ್ದು ಮೂದಲಿಕೆಗೆ. ಆದರೆ ಮಂಡಕ್ಕಿ ಅಂದ ಮೇಲೆ ದಾವಣಗೆರೆಯವರ ಎದುರು ಬೇರೆ ಮಾತುಂಟೇ? ಮದುವೆ ಮಾತುಕತೆಗೂ ಮಂಡಕ್ಕಿ, ಚುನಾವಣೆಗೂ ಮಂಡಕ್ಕಿ, ಜ್ವರ ಬಿಟ್ಟ ಬಾಯಿಗೂ ಮಂಡಕ್ಕಿ. ಉಜ್ಜನಪ್ಪನ ಕಣ್ಣು ಅರಳಿತು. "ಅವ್ವ ಹೇಳಿದ್ದು ಖರೆ ಐತಿ. ನಮ್ಮ ಮಂಡಕ್ಕಿ ಹುರಿಯೋ ಭಟ್ಟಿಗಳು ಇರೋದು ಯಾಕ?" ಬಸವಪ್ರಭು ತಕ್ಷಣ ಒಪ್ಪಿಕೊಂಡರು. ಇದು ಕೆಟ್ಟರೆ ಕೆಡಿಸಿದವರು ಜನ, ತಾವಲ್ಲ ಎಂಬ ನಿರಾಳ ಅವರ ಮುಖದಲ್ಲೇ ಕಾಣುತ್ತಿತ್ತು. ಶಕುಂತಲಮ್ಮನಿಗೂ ಖುಷಿಯೇ ಆಯಿತು. ಅವಳ ಮಾತನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಮರುದಿನ ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಂದ ಲಾರಿಗಳು ಬಂದವು. ಜನವೂ ಚೀಲ ಹೊತ್ತು ಬಂದರು. ಕೆಲವರು ಈರುಳ್ಳಿ, ಹಸಿಮೆಣಸಿನಕಾಯಿಯನ್ನೂ ತಂದು, ಹೊಳೆಗೊಂದು ಪಾಲು, ತಮಗೊಂದು ಪಾಲು ಮಾಡಿಕೊಂಡು ದಂಡೆಯಲ್ಲಿ ಕೂತರು. ಶಕುಂತಲಮ್ಮನಿಗೆ ಶಾಲು ಹೊದಿಸಿ, ಮೊದಲ ಹಿಡಿ ನೀವೇ ಹಾಕ್ರಿ ಎಂದರು. ಅವಳು ಮೆಟ್ಟಿಲಿಳಿದು ಎರಚಿದಳು. ಅಭ್ಯಾಸ ಬಲ, ಬಾಯಿಂದ "ಬರ್ರವ್ವಾ" ಬಂದೇ ಬಿಟ್ಟಿತು.

ಹಿಂದೆಯೇ ಚೀಲಗಳು ಬಿಚ್ಚಿಕೊಂಡವು. ಹೊಳೆ ಬೆಳ್ಳಗಾಯಿತು. ನೋಡನೋಡುತ್ತಾ ಮಂಡಕ್ಕಿ ಎಣ್ಣೆ ಹೀರಿ ಕರ್ರಗಾಯಿತು. ಜನ ಚಪ್ಪಾಳೆ ತಟ್ಟಿದರು. ಆಗ ಬಂಡೆ ಕಡೆಯಿಂದ ನೀರು ಅಲುಗಾಡಿತು. ಒಂದು ಬಾಯಿ ಮೇಲೆ ಬಂತು, ಆಮೇಲೆ ಇನ್ನೊಂದು, ಆಮೇಲೆ ಹೊಳೆ ತುಂಬ ಬಾಯಿಗಳು.

"ಬದುಕ್ಯಾವ," ಅಂದಳು ಶಕುಂತಲಮ್ಮ. ಅವಳ ಕಣ್ಣು ತುಂಬಿ ಬಂತು. ಮೀನುಗಳು ಕರೀ ಮಂಡಕ್ಕಿಯನ್ನು ಗಬಗಬ ನುಂಗತೊಡಗಿದವು.

"ಮೀನು ವಾಪಸ್ ಬಂದಾವ ನೋಡ್ರಿ. ಹೊಳೆ ಸ್ವಚ್ಛ ಆಯ್ತು," ಎಂದು ಬಸವಪ್ರಭು ಮೈಕಿನಲ್ಲಿ ಸಾರಿದರು.

ಶಕುಂತಲಮ್ಮ ನೀರಿಗೆ ಧುಮುಕಿದಳು. ಸೊಂಟದ ತನಕ ಎಣ್ಣೆಯಲ್ಲಿ ನಿಂತು, ಹೊದಿಸಿದ್ದ ಶಾಲಿನಿಂದಲೇ ನೀರು ಬಡಿಯತೊಡಗಿದಳು. "ಹೋಗ್ರವ್ವಾ, ತಿನ್ನಬ್ಯಾಡ್ರಿ, ಹೋಗ್ರಿ." ಕೂದಲು ಬಿಚ್ಚಿತ್ತು. ದನಿ ಒಡೆದಿತ್ತು. ಚಪ್ಪಾಳೆಯ ಗದ್ದಲದಲ್ಲಿ ಅವಳ ಮಾತು ದಂಡೆಗೆ ಮುಟ್ಟಲಿಲ್ಲ.

"ಅವ್ವಗ ಮೈಮ್ಯಾಲೆ ಬಂದೈತ್ರಿ," ಎಂದು ಉಜ್ಜನಪ್ಪ ಚಪ್ಪಲಿ ಬಿಟ್ಟು ಕೈಮುಗಿದ. "ಹೊಳೆತಾಯಿ ಒಲಿದ್ಲು. ಉಳಿದ ಚೀಲಾನೂ ಹಾಕ್ರಿ."

ಹಾಕಿದರು. ಅವಳು ಬಡಿದಷ್ಟೂ ಮೀನುಗಳು, ಕರೆದವಳು ಇವಳೇ ಎಂದು ಗುರುತು ಹಿಡಿದು, ಅವಳ ಸುತ್ತಲೇ ಬಂದು ಬಾಯಿ ತೆರೆದವು.