ಎರಡನೇ ಕಿಟಕಿ

ದಾನವ್ವ ಬರಿಗಾಲಲ್ಲಿ ಓಡಿಬಂದು, ಟ್ಯಾಕ್ಸಿ ಹತ್ತಲಿದ್ದ ವಿಜ್ಞಾನಿ ಜಯಸಿಂಹನನ್ನು ಕೂಗಿ ನಿಲ್ಲಿಸಿದಳು. ಆಂಟಾಪ್ ಹಿಲ್‌ನ ಕ್ವಾರ್ಟರ್ಸ್ ಬಿಲ್ಡಿಂಗಿನ ಅಂಗಳದಲ್ಲಿ ಅವಳ ಗಂಡ ಮುರಿಗೆಪ್ಪನ ಶವಕ್ಕೆ ವಿಭೂತಿ ಹಚ್ಚಿ, ಮಣ್ಣಿಗೆ ಒಯ್ಯಲು ಬಿದಿರಿನ ಪಲ್ಲಕ್ಕಿಯಂಥ ವಿಮಾನದಲ್ಲಿ ಕೂರಿಸಿಯಾಗಿತ್ತು.

"ಸಾಹೇಬ್ರ, ಒಂದ್ ಮಾತೈತ್ರಿ."

ಮೈದುನ ಶಂಕ್ರೆಪ್ಪ ಅಡ್ಡ ಬಂದ. "ವೈನಿ, ಈಗ ಬ್ಯಾಡ."

ಬೆಳಗಿನಿಂದ ಅವನು ಅವಳ ಬಾಯಿ ಕಟ್ಟಿದ್ದ. ಸತ್ತವನ ಮೇಲೆ ತಪ್ಪು ಹೊರಿಸುವುದು ಸುಲಭ, ಕ್ವಾರ್ಟರ್ಸ್ ಕೂಡ ಬೇಗ ಖಾಲಿ ಮಾಡಿಸುತ್ತಾರೆ ಎಂದಿದ್ದ.

"ನಿನ್ನೆ ದವಾಖಾನಿಗೆ ಒಯ್ಯೂಮುಂದ ಇವರು ಹೇಳಿದ್ರು. ಎರಡನೇ ಕಿಡಕಿ ಸೋರತೈತಿ, ಸಾಹೇಬ್ರಿಗೆ ಹೇಳು ಅಂತ," ಎಂದಳು ದಾನವ್ವ.

ಜಯಸಿಂಹ ಗಡಿಯಾರ ನೋಡಿಕೊಂಡ. ಒಂದೂ ಮುಕ್ಕಾಲು. ಕೇರಳದ ಕರಾವಳಿಯಲ್ಲಿ ಮೂರಕ್ಕೆ ರಾಕೆಟ್ಟಿನ ಮೂತಿ ಮುಚ್ಚುವವರಿದ್ದರು. ಅದರೊಳಗೆ ಮುರಿಗೆಪ್ಪ ಕಿಟಕಿ ಕೂರಿಸಿದ ಪೆಟ್ಟಿಗೆಗಳಿದ್ದವು.

*

ಹತ್ತೊಂಬತ್ತು ವರ್ಷ ಮುರಿಗೆಪ್ಪ ಸಂಸ್ಥೆಯ ಲ್ಯಾಬಿನಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಕೂದಲಿಗಿಂತ ಎಷ್ಟೋ ತೆಳ್ಳಗೆ ಎಳೆದು, ಗ್ಯಾಸು ತುಂಬಿದ ಪೆಟ್ಟಿಗೆಗಳಿಗೆ ಕಿಟಕಿಯಾಗಿ ಅಂಟಿಸುತ್ತಿದ್ದ.

"ನಮ್ಮ ಸೂರ್ಯ, ಚುಕ್ಕಿ ಎಲ್ಲಾ ಕೂಡಿ ಒಂದ್ ಊರು ಅನ್ಕೋ," ಎಂದು ಒಮ್ಮೆ ಊಟಕ್ಕೆ ಕೂತಾಗ ದಾನವ್ವನಿಗೆ ಹೇಳಿದ್ದ. "ಅದರ ಸುತ್ತ ಕಾದ ಗ್ಯಾಸ್ ಐತಿ. ಕಣ್ಣಿಗೆ ಕಾಣಂಗಿಲ್ಲ. ಈ ಪೆಟ್ಟಿಗ್ಯಾಗ ಅದರ ಎಕ್ಸ್-ರೇ ಹಿಡಿದು ನಕಾಶಿ ಮಾಡ್ತಾರ. ಭಾಳ ಅಶಕ್ತ ಎಕ್ಸ್-ರೇ ಅದು, ಗಾಳಿನೂ ದಾಟಂಗಿಲ್ಲ. ಅದಕ್ಕ ರಾಕೆಟ್ ಬೇಕು."

"ಕಿಡಕಿ ದಪ್ಪ ಮಾಡ್ರಲಾ, ಹರಿಯೂದು ತಪ್ಪತೈತಿ."

"ದಪ್ಪಾದ್ರ ಎಕ್ಸ್-ರೇ ಒಳಗ ಬರಂಗಿಲ್ಲ. ತೆಳ್ಳಗಾದ್ರ ಗ್ಯಾಸ್ ಸೋರತೈತಿ. ನಡುವ ನನ್ನ ಜೀವ."

ಈ ಸಲ ಪೆಟ್ಟಿಗೆಗಳು ರೈಲು ಹತ್ತಿದ ಮೇಲೆ ಅವನಿಗೆ ನಿದ್ದೆ ಹತ್ತಲಿಲ್ಲ. ಕಳಿಸುವ ಹಿಂದಿನ ದಿನ ಎರಡನೇ ಪೆಟ್ಟಿಗೆಯ ಒತ್ತಡ ತೋರಿಸುವ ಮುಳ್ಳು ಒಂದು ಗೆರೆ ಇಳಿದಿತ್ತು. ಏಸಿಯ ತಂಪಿಗೆ ಇಳಿದಿದೆ ಎಂದಿದ್ದರು. ಅವನೂ ಹ್ಞೂಂ ಎಂದುಬಿಟ್ಟಿದ್ದ.

*

ಪಕ್ಕದ ಕೆಮಿಸ್ಟ್ ಅಂಗಡಿಯ ಫೋನಿನಲ್ಲಿ ಜಯಸಿಂಹ ಕೇರಳಕ್ಕೆ ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡಿದ. ಎರಡು ಹತ್ತು. ಎರಡು ಇಪ್ಪತ್ತೈದು. ಲೈನು ಸಿಗಲಿಲ್ಲ. ವಿಮಾನ ಹೊರಲು ಬಂದವರು ಮೇ ತಿಂಗಳ ಬಿಸಿಲಿಗೆ ಗೊಣಗತೊಡಗಿದರು.

"ಹೊತ್ತು ಮುಳುಗೂದ್ರೊಳಗ ಮಣ್ಣಾಗಬೇಕು, ವೈನಿ," ಎಂದ ಶಂಕ್ರೆಪ್ಪ.

"ತಡೀರಿ. ಅವರ ಕೆಲಸ ಇನ್ನೂ ಮುಗದಿಲ್ಲ."

ಎರಡೂ ಮುಕ್ಕಾಲಿಗೆ ಫೋನು ಹೊಡೆದುಕೊಂಡಿತು. ಜಯಸಿಂಹ ಕೂಗಿ ಕೂಗಿ ಹೇಳಿ, ರಿಸೀವರ್ ಕಿವಿಗೆ ಒತ್ತಿಕೊಂಡು ಕಾದ. ದಾನವ್ವ ಅಂಗಡಿಯ ಮೆಟ್ಟಿಲ ಮೇಲೆ ಸೆರಗಿನ ತುದಿ ಕಚ್ಚಿ ನಿಂತಿದ್ದಳು.

"ಮುಚ್ಚೋದು ನಿಲ್ಲಿಸಿದ್ರಮ್ಮ," ಎನ್ನುತ್ತ ಅವನು ಹೊರಬಂದ. "ಅಲ್ಲಿನ ಬಿಸಿಲಲ್ಲೂ ಮುಳ್ಳು ಏರಿಲ್ವಂತೆ. ಸೋರ್ತಿರೋದು ನಿಜ. ಬೇರೆ ಪೆಟ್ಟಿಗೆ ಹಾಕ್ತಾರೆ."

"ತಪ್ಪು ಇವರ ಮ್ಯಾಲ ಬರತೈತೇನ್ರಿ?"

"ತಂಪಿಗೆ ಇಳಿದಿದೆ ಬಿಡಿ ಅಂತ ಮೊದಲು ಅಂದಿದ್ದು ನಾನು. ಹಾಗೇ ಬರೀತೀನಿ."

ಅವನು ಟ್ಯಾಕ್ಸಿ ಕಳಿಸಿಬಿಟ್ಟ. ಬೂಟು ಬಿಚ್ಚಿಟ್ಟು, ವಿಮಾನದ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ಉಳಿದವರಿಗಿಂತ ಗೇಣುದ್ದ ಎತ್ತರದ ಆಳು. ಎದ್ದು ನಿಲ್ಲುತ್ತಲೇ ವಿಮಾನ ಒಂದು ಮಗ್ಗುಲಿಗೆ ವಾಲಿ, ಮುರಿಗೆಪ್ಪನ ತಲೆ ಹೂವಿನೊಳಗೆ ಹೊರಳಿತು. ಜಯಸಿಂಹ ಮೊಣಕಾಲು ಮಡಿಸಿ ತಗ್ಗಿದ. ವಿಮಾನ ಸಮನಾಯಿತು. ಹಾಗೆಯೇ ಕುಗ್ಗಿಕೊಂಡು ಸುಡುವ ಡಾಂಬರಿನ ಮೇಲೆ ಹೆಜ್ಜೆಯಿಟ್ಟ.